ಕೌಶಲ ಮೊದಲೋ, ಇಂಟರ್ವಲ್ ಮೊದಲೋ: ನಾಲ್ಕು ಜೋಡಣೆಗಳ ಹೋಲಿಕೆ

ವಾರಕ್ಕೆ ಆರೇಳು ಗಂಟೆ ಮಾತ್ರ ಸೈಕಲ್‌ಗೆ ಸಿಗುವವರು ಸ್ಪ್ರಿಂಟಿಗೊಂದು ದಿನ, ತಿರುವಿಗೊಂದು ದಿನ, ಥ್ರೆಶೋಲ್ಡ್‌ಗೊಂದು (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ಜೋರಿಗೊಂದು) ದಿನ ಎಂದು ಎತ್ತಿಡುವುದು ಆಗದ ಮಾತು. ಒಂದೇ ಸೆಷನ್ನಿನಲ್ಲಿ ಎರಡು ಕೆಲಸ ಸೇರಿಸಲೇಬೇಕು. ಹೇಗೆ ಸೇರಿಸುವುದು ಎಂಬಲ್ಲೇ ತಕರಾರು. ನಾವು ಓಡಿಸಿ ನೋಡಿದ ನಾಲ್ಕು ಜೋಡಣೆಗಳನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಎಫ್‌ಟಿಪಿ, ಅಂದರೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿದಿಡಬಲ್ಲ ಶಕ್ತಿ, 200 ವಾಟ್ ಎಂದಿಟ್ಟುಕೊಂಡು ಲೆಕ್ಕ ಕೊಟ್ಟಿದೆ. ನಿಮ್ಮ ಸಂಖ್ಯೆಗೆ ಹೊಂದಿಸಿಕೊಳ್ಳಿ.

ಮೊದಲು ಕೌಶಲ, ಆಮೇಲೆ ಇಂಟರ್ವಲ್

ನಮ್ಮ ಮೊದಲ ಆಯ್ಕೆ ಇದೇ. 15 ನಿಮಿಷ ಹಗುರವಾಗಿ ಪೆಡಲ್ ತುಳಿದು, 15 ನಿಮಿಷ ಕೌಶಲ ಮಾಡಿ, ಆಮೇಲೆ ಇಂಟರ್ವಲ್‌ಗೆ, ಅಂದರೆ ನಡುನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವ ಸುತ್ತುಗಳಿಗೆ, ಇಳಿಯುವುದು. ಹೊಸ ಚಲನೆ ಕಲಿಯಲು ದಣಿಯದ ಮೈ ಬೇಕು.

ಖಾಲಿ ಜಾಗದಲ್ಲಿ ಎರಡು ಬಾಟಲಿಗಳನ್ನು 8 ಮೀಟರ್ ಅಂತರದಲ್ಲಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗಿ. ಸಲೀಸಾದಂತೆಲ್ಲ ಅಂತರವನ್ನು ಅರ್ಧರ್ಧ ಮೀಟರ್ ಇಳಿಸುತ್ತ ಬನ್ನಿ. ನಿಧಾನ ತಿರುವಿನಲ್ಲಿ ಪೆಡಲ್ ನಿಲ್ಲಿಸಬಾರದು. ಹಿಂದಿನ ಬ್ರೇಕನ್ನು ತುಸುವೇ ಹಿಡಿದು ಅದರ ವಿರುದ್ಧ ತುಳಿದರೆ ಸೈಕಲ್ ಅಲುಗಾಡುವುದಿಲ್ಲ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಮುಂದಿನ ಬಾಟಲಿಯ ಮೇಲೆ. ಚಿಕ್ಕ ಫ್ರೇಮಿನವರು ಒಂದು ವಿಷಯ ಗಮನಿಸಿ: ಎಡಕ್ಕೆ ಗಟ್ಟಿಯಾಗಿ ಹ್ಯಾಂಡಲ್ ತಿರುಗಿಸಿದಾಗ ಬಲಗಾಲು ಮುಂದಿದ್ದರೆ ಚಕ್ರ ಶೂ ತುದಿಗೆ ತಗಲುತ್ತದೆ. ಬೀಳುವವರಲ್ಲಿ ಹಲವರು ಬೀಳುವುದು ಹೀಗೆಯೇ, ಅದೂ ನಡೆಯುವ ವೇಗದಲ್ಲಿ.

ವೇಗದ ತಿರುವಿನ ಪಾಠ ಬೇರೆ. ಅಲ್ಲಿ ಪೆಡಲ್ ನಿಲ್ಲಬೇಕು, ಹೊರಗಾಲು ಕೆಳಗಿದ್ದು ಭಾರವೆಲ್ಲ ಅದರ ಮೇಲಿರಬೇಕು, ಬ್ರೇಕ್ ತಿರುವಿಗೆ ಮುಂಚೆಯೇ ಮುಗಿದಿರಬೇಕು.

ಎಡ ತಿರುವು ಹತ್ತು ಸಲ, ಬಲ ಹತ್ತು ಸಲ ಎಂದು ಸಾಲಾಗಿ ಮಾಡುವುದಕ್ಕಿಂತ ಎಡ, ಬ್ರೇಕ್, ಬಲ, ಮತ್ತೆ ಬ್ರೇಕ್ ಎಂದು ಕಲಸಿ ಮಾಡಿ. ಅಂದು ಗಲಿಬಿಲಿ ಎನಿಸಿದರೂ ಮುಂದಿನ ವಾರಕ್ಕೆ ಕೈಯಲ್ಲಿ ಉಳಿಯುವುದು ಹೀಗೆ ಕಲಿತದ್ದೇ.

ಈ ಜೋಡಣೆಯ ದೋಷ: ಕೌಶಲದ ಹೊತ್ತಿನಲ್ಲಿ ಮೈ ಆರುತ್ತದೆ. ಅದನ್ನೇ ವಾರ್ಮ್‌ಅಪ್ ಎಂದುಕೊಂಡು ನೇರ ಇಂಟರ್ವಲ್‌ಗೆ ಹೋದರೆ ಮೊದಲನೆಯದು ಹಾಳು. ನಡುವೆ ಒಂದೊಂದು ನಿಮಿಷದ ಮೂರು ಏರಿಕೆ ಹಾಕಿ, 180, 200, 220 ವಾಟ್, ಪ್ರತಿಯೊಂದರ ನಂತರ ಒಂದು ನಿಮಿಷ ಹಗುರ.

ಮೊದಲು ಇಂಟರ್ವಲ್, ಕೊನೆಗೆ ಕೌಶಲ

ಹೊಸಬರಿಗೆ ಬೇಡವೇ ಬೇಡ. ದಣಿದವರ ಕಣ್ಣು ಕೆಳಕ್ಕಿಳಿಯುತ್ತದೆ, ಬ್ರೇಕ್ ತಡವಾಗುತ್ತದೆ, ಕೊನೆಗೆ ಅಭ್ಯಾಸವಾಗುವುದು ತಪ್ಪೇ. ಆದರೆ ರೇಸಿಗೆ ಹೋಗುವವರಿಗೆ ಇದರ ಉಪಯೋಗವಿದೆ, ಕೊನೆಯ ಸುತ್ತಿನ ತಿರುವು ಎದುರಾಗುವುದು ದಣಿದ ಮೈಗೇ ತಾನೆ? ಈಗಾಗಲೇ ಕೈಗೆ ಬಂದ ಕೌಶಲವನ್ನು ಮಾತ್ರ, 10 ನಿಮಿಷ ಮೀರದಂತೆ, ಒಣ ನೆಲದ ಮೇಲೆ.

ಬಿಡುವಿನಲ್ಲಿ ಕೌಶಲ

ಕಾಗದದ ಮೇಲೆ ಇದೇ ಅತಿ ಜಾಣ ಯೋಜನೆ. ರಸ್ತೆಯಲ್ಲಿ ಅರ್ಧಕ್ಕರ್ಧ ಕೆಡುತ್ತದೆ. 5 ನಿಮಿಷದ ವಿಓ2 ಇಂಟರ್ವಲ್ (ಆಮ್ಲಜನಕದ ಬಳಕೆ ಗರಿಷ್ಠದ ಹತ್ತಿರಕ್ಕೇರುವಷ್ಟು ಜೋರಿನದು) ಮುಗಿಸಿದವರು ಮೊದಲ ಒಂದೂವರೆ ನಿಮಿಷ ಉಸಿರು ಹಿಡಿಯುವುದರಲ್ಲೇ ಇರುತ್ತಾರೆ. ಬಾಟಲಿ ಸುತ್ತಲು ಹೋದರೆ ಎರಡೂವರೆ ನಿಮಿಷದ ಬಿಡುವು ಐದಾರು ನಿಮಿಷಕ್ಕೆ ಎಳೆಯುತ್ತದೆ. ಅಷ್ಟರಲ್ಲಿ ಆಮ್ಲಜನಕದ ಬಳಕೆ ಕೆಳಕ್ಕಿಳಿದಿರುತ್ತದೆ, ಮುಂದಿನ ಸುತ್ತಿನಲ್ಲಿ ಅದನ್ನು ಮತ್ತೆ ಮೇಲೇರಿಸುವುದರಲ್ಲೇ ಮೊದಲ ನಿಮಿಷಗಳು ಹೋಗುತ್ತವೆ.

ಸ್ಪ್ರಿಂಟಿನ ಜೊತೆ ಮಾತ್ರ ಇದು ಚೆನ್ನಾಗಿ ಕೂಡುತ್ತದೆ. 10 ಸೆಕೆಂಡ್ ಪೂರ್ತಿ ಜೋರಿನ ಸ್ಪ್ರಿಂಟಿಗೆ 4ರಿಂದ 5 ನಿಮಿಷ ಬಿಡುವು ಬೇಕೇ ಬೇಕು. ಅದರಲ್ಲಿ ಎರಡು ನಿಮಿಷ ಒಂದು ಕೈ ಬಿಟ್ಟು ನೇರ ಗೆರೆಯಲ್ಲಿ ಓಡಿಸುವುದೋ, ತಿರುಗಿ ಹಿಂದೆ ನೋಡುವುದೋ ಮಾಡಬಹುದು. ಸ್ವೀಟ್ ಸ್ಪಾಟ್‌ನಲ್ಲಾದರೆ, ಅಂದರೆ ಎಫ್‌ಟಿಪಿಗಿಂತ ತುಸು ಕೆಳಗಿನ ಶಕ್ತಿಯಲ್ಲಾದರೆ, ಬಿಡುವಿಗೆ ಕಾಯಬೇಕಿಲ್ಲ. 176ರಿಂದ 188 ವಾಟ್‌ನಲ್ಲಿ 12 ನಿಮಿಷದ ಮೂರು ಸುತ್ತು ಮಾಡುವಾಗ ಎರಡೆರಡು ನಿಮಿಷಕ್ಕೊಮ್ಮೆ ಕೇಡೆನ್ಸನ್ನು (ನಿಮಿಷಕ್ಕೆ ಪೆಡಲ್ ಸುತ್ತುವ ಸಂಖ್ಯೆಯನ್ನು) 65ಕ್ಕೂ 100ಕ್ಕೂ ಬದಲಾಯಿಸಿ. ವಾಟ್ ಒಂದೇ ಇರಬೇಕು, ಸೊಂಟ ಸೀಟಿನ ಮೇಲೆ ಕುಣಿಯಬಾರದು. ಕುಣಿದರೆ 100 ಇನ್ನೂ ನಿಮ್ಮ ವೇಗವಲ್ಲ, 92ಕ್ಕೆ ಇಳಿಸಿ.

ಬಗೆಬಗೆಯ ಇಂಟರ್ವಲ್ ಒಂದೇ ದಿನ

ಕ್ರಮ ತಪ್ಪಬಾರದು: ಸ್ಪ್ರಿಂಟ್, ಆಮೇಲೆ ವಿಓ2, ಕೊನೆಗೆ ಥ್ರೆಶೋಲ್ಡ್. ಥ್ರೆಶೋಲ್ಡ್ ಮುಗಿಸಿ ಸ್ಪ್ರಿಂಟ್ ಮಾಡಿದರೆ ಅದು ಸ್ಪ್ರಿಂಟಲ್ಲ, ಒದ್ದಾಟ. ಎರಡು ಬಗೆ ಸೇರಿಸುವಾಗ ಎರಡನ್ನೂ ಪೂರ್ತಿ ಪ್ರಮಾಣದಲ್ಲಿ ಹಾಕುವುದು ಇನ್ನೊಂದು ತಪ್ಪು, ಎರಡನೆಯದನ್ನು ಅರ್ಧಕ್ಕಿಳಿಸಿ. 10 ಸೆಕೆಂಡಿನ 6 ಸ್ಪ್ರಿಂಟ್ ಆದಮೇಲೆ 9 ನಿಮಿಷದ ಎರಡೇ ಸುತ್ತು ಓವರ್-ಅಂಡರ್ (ಎಫ್‌ಟಿಪಿಯ ತುಸು ಕೆಳಗೆ, ತುಸು ಮೇಲೆ) ಸಾಕು: 2 ನಿಮಿಷ 190, 1 ನಿಮಿಷ 210, ಹೀಗೆ ಮೂರು ಸಲ.

ವಿಓ2ಗೆ ಉದ್ದದ್ದೋ ಚಿಕ್ಕದ್ದೋ? 5 ನಿಮಿಷದ ನಾಲ್ಕು ಸುತ್ತಿನಲ್ಲಿ ಒಟ್ಟು ಕೆಲಸ 20 ನಿಮಿಷ. 30 ಸೆಕೆಂಡ್ ಜೋರು, 15 ಸೆಕೆಂಡ್ ಹಗುರ ಎಂದು 13 ಸಲದ ಮೂರು ಸೆಟ್ ಮಾಡಿದರೆ ಹತ್ತೊಂಬತ್ತೂವರೆ ನಿಮಿಷ. ನಾರ್ವೆಯ ಬೆಂಟ್ ರೋನೆಸ್ಟಾಡ್ ಮತ್ತು ಸಂಗಡಿಗರು ಪಳಗಿದ ಸೈಕ್ಲಿಸ್ಟರ ಮೇಲೆ ಈ ಎರಡನ್ನೇ 10 ವಾರ ಹೋಲಿಸಿ 2015ರಲ್ಲಿ ಪ್ರಕಟಿಸಿದರು. ಚಿಕ್ಕದ್ದಕ್ಕೇ ಹೆಚ್ಚು ಲಾಭ ಕಂಡಿತು. ನಮಗೂ ಅದೇ ಇಷ್ಟ, ಆದರೆ ಮಾಡುವುದು ಸೂಕ್ಷ್ಮ. 30 ಸೆಕೆಂಡಿಗೆ 240ರಿಂದ 250 ವಾಟ್, 15ಕ್ಕೆ ಅದರ ಅರ್ಧ. ಟ್ರೈನರ್ (ಸೈಕಲ್ ನಿಲ್ಲಿಸಿ ಒಳಗೇ ತುಳಿಯುವ ಸಾಧನ) ಮೇಲಾದರೆ, ನಿಗದಿತ ವಾಟ್‌ಗೆ ಪ್ರತಿರೋಧವನ್ನು ತಾನೇ ಹೊಂದಿಸುವ ಎರ್ಗ್ ಮೋಡ್ ಬಂದ್ ಮಾಡಿ: ಪ್ರತಿರೋಧ ಇಳಿಯುವಷ್ಟರಲ್ಲಿ 15 ಸೆಕೆಂಡೇ ಮುಗಿದಿರುತ್ತದೆ, ಮತ್ತೆ ಏರುವಾಗ ಪೆಡಲ್ ಕೆಸರಿನಲ್ಲಿ ಸಿಕ್ಕಿದಂತಾಗುತ್ತದೆ. ಗೇರ್ ಬದಲಿಸದೆ ಕೇಡೆನ್ಸಿನಿಂದಲೇ ಏರಿಳಿಸಿ. ಹಗುರ ಭಾಗದಲ್ಲಿ ಪೆಡಲ್ ನಿಲ್ಲಿಸಬೇಡಿ. ಮೊದಲ ಸೆಟ್‌ನಲ್ಲಿ ಹೃದಯಬಡಿತ ನೋಡಿ ವೇಗ ಹೆಚ್ಚಿಸಬೇಡಿ, ಅದು ಯಾವಾಗಲೂ ಹಿಂದೆ ಬೀಳುತ್ತದೆ.

ಉದ್ದದ್ದು ಮಾಡುವವರು 212ರಿಂದ 220ರೊಳಗೆ ಇರಿ. 235ರಲ್ಲಿ ಶುರುಮಾಡಿ ನಾಲ್ಕನೆಯದನ್ನು 190ಕ್ಕೆ ಎಳೆಯುವುದು ಎಲ್ಲರೂ ಮಾಡುವ ಎಡವಟ್ಟು. ಶಕ್ತಿ ಶೇ. 5ಕ್ಕಿಂತ ಹೆಚ್ಚು ಇಳಿದರೆ ಅಲ್ಲಿಗೇ ನಿಲ್ಲಿಸಿ. ಪವರ್ ಮೀಟರ್ ಇಲ್ಲದವರಿಗೂ ಉದ್ದದ್ದೇ ಸುಲಭ: ಎರಡು ಪದಕ್ಕಿಂತ ಹೆಚ್ಚು ಮಾತಾಡಲಾಗದ ಉಸಿರೇ ಅಳತೆ.

ವಾರಕ್ಕೆ ಇಳಿಸಿದರೆ

ಮಂಗಳವಾರ ಎಂಟರ ತಿರುವು, ಬ್ರೇಕ್, ಆಮೇಲೆ 30/15. ಗುರುವಾರ ಸ್ಪ್ರಿಂಟ್, ಬಿಡುವಿನಲ್ಲಿ ಒಂದು ಕೈಯ ಅಭ್ಯಾಸ, ಕೊನೆಗೆ ಚಿಕ್ಕ ಓವರ್-ಅಂಡರ್. ಭಾನುವಾರ ಉದ್ದದ ಓಟದ ನಡುವೆ ಕೇಡೆನ್ಸ್ ಬದಲಿಸುವ ಸ್ವೀಟ್ ಸ್ಪಾಟ್. ಉಳಿದದ್ದು ಹಗುರ. ಮಳೆ ಬಂದು ಮಂಗಳವಾರ ಒಳಗೇ ಟ್ರೈನರ್ ಹತ್ತಬೇಕಾದರೆ ತಿರುವು, ಬ್ರೇಕ್ ಗುರುವಾರದ ಶುರುವಿಗೆ ಬರಲಿ, ಅಂದು ಓವರ್-ಅಂಡರ್ ಬಿಟ್ಟುಬಿಡಿ. ಹೊತ್ತು ಕಡಿಮೆಯಾದ ದಿನ ಮೂರನೆಯ ಸೆಟ್ ಕತ್ತರಿಸಿ, ಕೌಶಲದ 15 ನಿಮಿಷವನ್ನಲ್ಲ.