ಹಿಪ್‌ಹಾಪ್ ಪಿಟ್‌ನಲ್ಲಿ ನಾಲ್ಕು ವರ್ಷ: ನಿಕಾನ್ ಡಿ750 ಮತ್ತು 20 ಎಂಎಂ ಲೆನ್ಸ್

ಸ್ಟೇಜಿಗೂ ಬ್ಯಾರಿಕೇಡಿಗೂ ನಡುವೆ ಒಂದು ಇಕ್ಕಟ್ಟಾದ ಓಣಿ ಇರುತ್ತದೆ. ಅದೇ ಫೋಟೋ ಪಿಟ್. ಹಿಪ್‌ಹಾಪ್ ಶೋ ದಿನ ಆ ಓಣಿಯಲ್ಲಿ ಎಂಟು ಹತ್ತು ಜನ ಫೋಟೋಗ್ರಾಫರ್‌ಗಳು, ಸೆಕ್ಯೂರಿಟಿಯವರು, ಎದೆ ಎತ್ತರದ ಬಾಸ್ ಸ್ಪೀಕರ್ ಸಾಲು, ನೆಲದ ತುಂಬ ಕೇಬಲ್. ಹಿಂದಿನಿಂದ ಹುಡುಗರು ಜನರ ತಲೆಗಳ ಮೇಲೆ ತೇಲಿಕೊಂಡು ಬಂದು ನಮ್ಮ ಮೇಲೆ ಬೀಳುತ್ತಾರೆ. ಮುಂದಿನಿಂದ ರ‍್ಯಾಪರ್ ನೀರು ಎರಚುತ್ತಾನೆ. ಈ ಜಾಗಕ್ಕೆ ನಾನು ನಾಲ್ಕು ವರ್ಷದಿಂದ ತೆಗೆದುಕೊಂಡು ಹೋಗುತ್ತಿರುವುದು ನಿಕಾನ್ ಡಿ750 ಬಾಡಿ, 20 ಎಂಎಂ ಎಫ್1.8 ಜಿ ಲೆನ್ಸ್. ಎರಡನ್ನೂ ಕಂಪನಿ 2014ರ ಸೆಪ್ಟೆಂಬರ್‌ನಲ್ಲಿ ಒಟ್ಟಿಗೇ ಘೋಷಿಸಿತ್ತು.

ಇಷ್ಟು ಹಳೆಯ ಕ್ಯಾಮೆರಾ ಬಗ್ಗೆ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬೆಂಗಳೂರಿನಲ್ಲಿ ರ‍್ಯಾಪ್ ಶೋಗಳು ಜಾಸ್ತಿ ಆಗಿವೆ, ಕನ್ನಡದಲ್ಲೇ ಹಾಡುವ ಹುಡುಗ ಹುಡುಗಿಯರು ಪಬ್ ತುಂಬಿಸುತ್ತಿದ್ದಾರೆ, ಅವರ ಜೊತೆಗೇ ಬೆಳೆಯುತ್ತಿರುವ ಹೊಸ ಫೋಟೋಗ್ರಾಫರ್‌ಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಳಲಿ? ಎರಡು ಲಕ್ಷ ಇಎಂಐ ಹಾಕಿಸಲಾ?" ಬೇಡಪ್ಪಾ. ಇಎಂಐ ಕಟ್ಟುತ್ತಿರುವ ಕ್ಯಾಮೆರಾ ಹಿಡಿದು ಪಿಟ್‌ಗೆ ಇಳಿದವರನ್ನು ನೋಡಿದ್ದೇನೆ. ಡ್ರಾಪ್ ಬೀಳುವ, ಅಂದರೆ ಬೀಟ್ ಜೋರಾಗಿ ಬಂದು ಜನ ಕುಣಿದು ಎದ್ದೇಳುವ ಹೊತ್ತಿಗೆ ಅವರು ಕ್ಯಾಮೆರಾವನ್ನು ಎದೆಗೆ ಅಪ್ಪಿಕೊಂಡು ಬದಿಗೆ ಸರಿದು ನಿಂತಿರುತ್ತಾರೆ. ಫೋಟೋ ಇರುವುದು ಆ ಕ್ಷಣದಲ್ಲೇ ಅಲ್ವಾ?

ನನ್ನ ಬಾಡಿಯನ್ನು 2021ರಲ್ಲಿ ದಾವಣಗೆರೆಯ ಒಬ್ಬ ಮದುವೆ ಫೋಟೋಗ್ರಾಫರ್ ಹತ್ತಿರ 48 ಸಾವಿರಕ್ಕೆ ತೆಗೆದುಕೊಂಡೆ. ಆಗಲೇ ಶಟರ್ ಲೆಕ್ಕ, ಅಂದರೆ ಅದರಲ್ಲಿ ತೆಗೆದ ಫೋಟೋಗಳ ಸಂಖ್ಯೆ, 90 ಸಾವಿರ ದಾಟಿತ್ತು. ಶಟರ್ ಬಾಳಿಕೆಗೆ ಕಂಪನಿ ಹೇಳುವ ಲೆಕ್ಕ ಒಂದೂವರೆ ಲಕ್ಷ. ನನ್ನದು ಅದನ್ನೂ ದಾಟಿ ಇನ್ನೂ ಓಡುತ್ತಿದೆ.

ಮೊದಲು ಬೆಳಕಿನ ವಿಷಯ. ರಾಕ್ ಶೋಗಳಲ್ಲಿ ಮುಂದಿನಿಂದ ಸ್ವಲ್ಪವಾದರೂ ಬಿಳಿ ಬೆಳಕು ಸಿಗುತ್ತದೆ. ನಾನು ಹೋಗುವ ಹಿಪ್‌ಹಾಪ್ ಶೋಗಳಲ್ಲಿ ಬೆಳಕೆಲ್ಲ ಹಿಂದಿನಿಂದಲೇ. ಡಿಜೆ ಹಿಂದೆ ದೊಡ್ಡ ಎಲ್‌ಇಡಿ ಪರದೆ, ಹೊಗೆ, ಕೆಂಪು ಲೈಟು. ರ‍್ಯಾಪರ್ ಮುಖ ಕತ್ತಲೆಯಲ್ಲಿ. ಅದರ ಮೇಲೆ ಟೋಪಿ ಬೇರೆ. ಡಿ750 ಗೆಲ್ಲುವುದು ಇಲ್ಲೇ. ಮೀಟರಿಂಗ್‌ನಲ್ಲಿ, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ವಿಧಾನಗಳಲ್ಲಿ, ನಕ್ಷತ್ರ ಗುರುತಿನ ಒಂದು ಹೈಲೈಟ್ ಮೋಡ್ ಇದೆ. ಅದನ್ನು ಹಾಕಿದರೆ ಕ್ಯಾಮೆರಾ ಅತಿ ಹೆಚ್ಚು ಬೆಳಕಿರುವ ಭಾಗವನ್ನು ನೋಡಿ ಎಕ್ಸ್‌ಪೋಶರ್ ಕಟ್ಟುತ್ತದೆ, ಮಿಕ್ಕಿದ್ದು ಕತ್ತಲಾದರೂ ಸರಿ ಅಂತ ಬಿಡುತ್ತದೆ. ತೆಗೆದ ಕೂಡಲೇ ಸ್ಕ್ರೀನ್‌ನಲ್ಲಿ ನೋಡಿದರೆ ಫೋಟೋ ಹಾಳಾಯಿತು ಅನಿಸುತ್ತದೆ. ಮನೆಗೆ ಬಂದು ರಾ ಫೈಲ್ (ಸೆನ್ಸರ್ ಹಿಡಿದ ಮೂಲ ಫೈಲ್) ತೆರೆದು ನೆರಳನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಎತ್ತಿ ನೋಡಿ, ಟೋಪಿ ಕೆಳಗಿನ ಕಣ್ಣು, ಹಣೆ ಮೇಲಿನ ಬೆವರು ಎಲ್ಲಾ ಅಲ್ಲೇ ಇರುತ್ತದೆ. 24 ಮೆಗಾಪಿಕ್ಸೆಲ್‌ನ ಈ ಫುಲ್ ಫ್ರೇಮ್ ಸೆನ್ಸರ್ ನೆರಳಿನಲ್ಲಿ ಇಷ್ಟೊಂದು ವಿವರ ಉಳಿಸುವುದನ್ನು ನೋಡಿ ಇವತ್ತಿಗೂ ನನಗೆ ಖುಷಿಯಾಗುತ್ತದೆ.

ಪೂರ್ತಿ ಕೆಂಪು ಬೆಳಕಿದ್ದಾಗ ಮಾತ್ರ ಈ ಮೋಡನ್ನು ಕಣ್ಣುಮುಚ್ಚಿ ನಂಬಬೇಡಿ. ಕೆಂಪು ಒಂದೇ ಚಾನೆಲ್ ತುಂಬಿ ಹೋಗುತ್ತದೆ, ಮೂಗು ಬಾಯಿ ಎಲ್ಲಾ ಬಣ್ಣದ ಒಂದು ಮುದ್ದೆ ಆಗುತ್ತದೆ. ಹಿಸ್ಟೋಗ್ರಾಂ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ನೋಡಬಹುದು. ಕೆಂಪು ಬಲಗೋಡೆಗೆ ಒತ್ತಿಕೊಂಡಿದ್ದರೆ ಇನ್ನೂ ಮುಕ್ಕಾಲು ಸ್ಟಾಪ್ ಇಳಿಸಿ. ಆಮೇಲೂ ಆಗದಿದ್ದರೆ ಕಪ್ಪು ಬಿಳುಪು ಮಾಡಿ, ಅದರಲ್ಲಿ ಯಾವ ನಾಚಿಕೆಯೂ ಇಲ್ಲ.

ನನ್ನ ಸೆಟ್ಟಿಂಗ್: ಮ್ಯಾನುಯಲ್, ಶಟರ್ 1/500 ಸೆಕೆಂಡ್, ಲೆನ್ಸ್ ತೆರೆಯುವ ಅಳತೆ ಎಫ್2, ಐಎಸ್‌ಓ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) ಆಟೋ, ಮೇಲ್ಮಿತಿ 6400. ಕೆಲವರು 1/200 ಸಾಕು ಅನ್ನುತ್ತಾರೆ. ಗಿಟಾರ್ ಹಿಡಿದು ಒಂದೇ ಕಡೆ ನಿಂತು ಹಾಡುವವರಿಗೆ ಸಾಕು. ರ‍್ಯಾಪರ್ ಕೈ ಒಂದು ಪದಕ್ಕೆ ಎರಡು ಸಲ ಆಡುತ್ತದೆ, ಕಾಲು ನೆಲದ ಮೇಲೆ ನಿಲ್ಲುವುದೇ ಇಲ್ಲ.

ಸಮಯದ ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ದೊಡ್ಡ ಶೋಗಳಲ್ಲಿ ಪಿಟ್ ಸಾಮಾನ್ಯವಾಗಿ ಮೊದಲ ಮೂರು ಹಾಡಿಗೆ ಮಾತ್ರ, ಫ್ಲಾಶ್ ಇಲ್ಲದೆ. ಬೇರೆ ಬ್ಯಾಂಡ್‌ಗಳಲ್ಲಿ ಮೂರು ಹಾಡು ಅಂದರೆ ಹದಿನೈದು ನಿಮಿಷ ಸಿಗಬಹುದು. ರ‍್ಯಾಪ್‌ನಲ್ಲಿ ಈಗ ಹಾಡುಗಳೇ ಎರಡು ಎರಡೂವರೆ ನಿಮಿಷ, ಅದರಲ್ಲೂ ಒಂದು ವರ್ಸ್ ಹಾಡಿ ಮುಂದಿನದಕ್ಕೆ ಹಾರುತ್ತಾರೆ. ಏಳು ನಿಮಿಷದಲ್ಲಿ ಸೆಕ್ಯೂರಿಟಿಯವರು ಬೆನ್ನು ತಟ್ಟಿ ಹೊರಗೆ ಕಳಿಸುತ್ತಾರೆ. ಆ ಏಳು ನಿಮಿಷದಲ್ಲಿ ಮೆನು ಹುಡುಕುತ್ತಾ ನಿಂತರೆ ಮುಗೀತು. ಈ ಕ್ಯಾಮೆರಾದಲ್ಲಿ ಬೇಕಾದ ಬಟನ್ ಎಲ್ಲಾ ಹೊರಗೇ ಇವೆ, ಕತ್ತಲೆಯಲ್ಲಿ ಬೆರಳಿಗೇ ಗೊತ್ತಾಗುತ್ತವೆ.

ಬಯಲಿನ ಶೋ ಆದರೆ ಇನ್ನೊಂದು ಲೆಕ್ಕ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನೋ ನಿಯಮ ಇರುವುದರಿಂದ ಮೊದಲು ಹಾಡುವವರು ಬಿಸಿಲಲ್ಲೇ ಸ್ಟೇಜ್ ಹತ್ತುತ್ತಾರೆ. ಅವರನ್ನು ಬಿಡಬೇಡಿ. ಮುಖ ಕಾಣುವ ಬೆಳಕು ಅವತ್ತು ಇಡೀ ದಿನಕ್ಕೆ ಅದೊಂದೇ. ಆ ಹುಡುಗರಿಗೆ ಒಳ್ಳೆಯ ಫೋಟೋ ತೆಗೆದುಕೊಡುವವರೂ ಕಡಿಮೆ.

ಇನ್ನು ಫೋಕಸ್. ಫೋಕಸ್ ಹಿಡಿಯುವ 51 ಪಾಯಿಂಟ್ ಇವೆ, ಹುಣ್ಣಿಮೆ ಬೆಳದಿಂಗಳಷ್ಟು ಬೆಳಕಿದ್ದರೂ ಹಿಡಿಯುವ ತಾಕತ್ತಿದೆ. ಆದರೆ ಎಲ್ಲಾ ಪಾಯಿಂಟ್‌ಗಳೂ ಫ್ರೇಮ್ ನಡುವೆ ಗುಂಪು ಕಟ್ಟಿಕೊಂಡಿವೆ. 20 ಎಂಎಂ ಹಾಕಿ ರ‍್ಯಾಪರ್ ಮುಖವನ್ನು ಮೂಲೆಯಲ್ಲಿ ಇಡಬೇಕು ಅಂದರೆ ಅಲ್ಲಿ ಪಾಯಿಂಟೇ ಇಲ್ಲ. ನಡುವೆ ಫೋಕಸ್ ಹಿಡಿದು ಫ್ರೇಮ್ ಸರಿಸುವಷ್ಟರಲ್ಲಿ ಅವನು ಎರಡು ಹೆಜ್ಜೆ ಮುಂದೆ ಬಂದಿರುತ್ತಾನೆ. ಇದು ಈ ಕ್ಯಾಮೆರಾದ ದೊಡ್ಡ ಕೊರತೆ. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳು ಕಣ್ಣು ಹುಡುಕಿ ಹಿಡಿಯುತ್ತವೆ, ಅದರ ಮುಂದೆ ಇದು ಸೋಲುತ್ತದೆ. ಸಮಾಧಾನ ಅಂದರೆ ರ‍್ಯಾಪರ್‌ಗಳು ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದರಿಂದ ಅರ್ಧ ಸಮಯ ಮುಖವೇ ಕಾಣುವುದಿಲ್ಲ. ಸಾಲು ಮುಗಿದು ಉಸಿರು ತೆಗೆದುಕೊಳ್ಳುವಾಗ ಮೈಕ್ ಕೆಳಗಿಳಿಯುತ್ತದೆ. ಆ ಅರ್ಧ ಸೆಕೆಂಡಿಗೆ ಕಾಯಬೇಕು. ಹಾಡು ಗೊತ್ತಿದ್ದರೆ ಉಸಿರು ಎಲ್ಲಿ ಬರುತ್ತದೆ ಅಂತಲೂ ಗೊತ್ತಿರುತ್ತದೆ. ಹೋಗುವ ಮುಂಚೆ ಅವರ ಹಾಡುಗಳನ್ನು ನಾಲ್ಕು ಸಲ ಕೇಳಿಕೊಂಡು ಹೋಗಿ.

ಬಫರ್, ಅಂದರೆ ಕಾರ್ಡ್‌ಗೆ ಬರೆಯುವ ಮುಂಚೆ ಫೋಟೋಗಳು ನಿಲ್ಲುವ ಜಾಗ, ಚಿಕ್ಕದು. ಸೆಕೆಂಡಿಗೆ 6.5 ಫೋಟೋ ತೆಗೆಯುತ್ತದೆ, ರಾ ಫೈಲ್‌ನಲ್ಲಿ ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ ಉಸಿರುಗಟ್ಟಿ ನಿಲ್ಲುತ್ತದೆ. ಹಾಗಾಗಿ ಮೂರು ಮೂರು ಫೋಟೋ ತೆಗೆದು ಬೆರಳು ಎತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಶಟರ್ ಸದ್ದು ಜೋರು ಅನ್ನುವ ದೂರು ಪಿಟ್‌ನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡ ಗೆಳೆಯರ ಫೋಟೋಗಳಲ್ಲಿ ಎಲ್‌ಇಡಿ ಬೆಳಕು ಪಟ್ಟೆ ಪಟ್ಟೆಯಾಗಿ ಬಿದ್ದಿದ್ದನ್ನು ನೋಡಿದ್ದೇನೆ. ಈ ಕ್ಯಾಮೆರಾದ ಶಟರ್‌ನಲ್ಲಿ ಆ ಕಾಟ ತುಂಬ ಕಡಿಮೆ.

ಸದ್ದು ಅಂದಾಗ ನೆನಪಾಯಿತು, ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳದೆ ಪಿಟ್‌ಗೆ ಇಳಿಯಬೇಡಿ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 100 ಆದರೆ 15 ನಿಮಿಷ ಅಷ್ಟೇ. ಬಾಸ್ ಸ್ಪೀಕರ್ ಪಕ್ಕದಲ್ಲಿ ನಿಂತವರಿಗೆ ಅದಕ್ಕಿಂತ ಜಾಸ್ತಿಯೇ ಬೀಳುತ್ತದೆ. ಎರಡು ವರ್ಷದ ಹಿಂದೆ ಒಂದು ಶೋ ಆದಮೇಲೆ ಮೂರು ದಿನ ನನ್ನ ಎಡಗಿವಿಯಲ್ಲಿ ಕೀ ಅನ್ನುವ ಶಬ್ದ ನಿಲ್ಲಲಿಲ್ಲ. ನನಗೆ ತುಂಬ ಭಯ ಆಗಿತ್ತು.

ಈಗ ಲೆನ್ಸ್ ಕಡೆಗೆ ಬರೋಣ, ನನಗೆ ಬಾಡಿಗಿಂತಲೂ ಇದೇ ಇಷ್ಟ. 355 ಗ್ರಾಂ ಅಷ್ಟೇ ತೂಕ. 20 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ರ‍್ಯಾಪರ್ ಸ್ಟೇಜ್ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತು ಜನರತ್ತ ಕೈ ಚಾಚುತ್ತಾನಲ್ಲ, ಆಗ ಅವನ ಶೂ ನಿಮ್ಮ ಲೆನ್ಸ್‌ನಿಂದ ಒಂದು ಗೇಣು ದೂರ ಇರುತ್ತದೆ. ಆ ಶೂ, ಅವನ ಮೈ, ಹಿಂದಿನ ಹೊಗೆ, ಮೇಲಿನ ಲೈಟು ಎಲ್ಲಾ ಒಂದೇ ಫ್ರೇಮ್‌ನಲ್ಲಿ ಸಿಗುವುದು ಇಂಥ ಅಗಲದ ಲೆನ್ಸ್‌ನಲ್ಲೇ. ಅಗಲವಾದ್ದರಿಂದ ಅಂಚಿನಲ್ಲಿ ಬಂದ ಮುಖ ಎಳೆದ ಹಾಗೆ ಕಾಣುತ್ತದೆ, ಸೆಕ್ಯೂರಿಟಿಯವರ ಭುಜ, ಪಕ್ಕದವನ ಫೋನು ಎಲ್ಲಾ ಒಳಗೆ ನುಗ್ಗುತ್ತವೆ. ಮುಖದ ಫೋಟೋಗೆ ನಾನು ಜೇಬಿನಲ್ಲಿ 85 ಎಂಎಂ ಎಫ್1.8 ಇಟ್ಟುಕೊಂಡಿರುತ್ತೇನೆ.

ತಲೆ ಮೇಲೆ ಎತ್ತಿ ಜನರನ್ನು ತೆಗೆಯುವಾಗ ಡಿ750ಯ ಮಡಚುವ ಸ್ಕ್ರೀನ್ ಕೈ ಹಿಡಿಯುತ್ತದೆ. ಆದರೆ ಸ್ಕ್ರೀನ್ ನೋಡಿಕೊಂಡು ಆಟೋಫೋಕಸ್ ಮಾಡಲು ಹೋಗಬೇಡಿ, ತುಂಬಾ ನಿಧಾನ. ಮೊದಲೇ 1.7 ಮೀಟರಿಗೆ ಫೋಕಸ್ ನಿಲ್ಲಿಸಿ, ಎಫ್4 ಇಡಿ. ಹೆಚ್ಚು ಕಡಿಮೆ ಒಂದು ಮೀಟರಿಂದ ಮೂರೂವರೆ ಮೀಟರ್‌ವರೆಗೆ ಎಲ್ಲಾ ಸ್ಪಷ್ಟವಾಗಿ ಬರುತ್ತದೆ. ಬ್ಯಾರಿಕೇಡ್ ಮೊದಲ ಮೂರು ನಾಲ್ಕು ಸಾಲಿಗೆ ಅಷ್ಟು ಸಾಕು.

ತೆಗೆದುಕೊಳ್ಳುವವರು ಎರಡು ವಿಷಯ ನೋಡಿ. ಆರಂಭದ ಒಂದೆರಡು ವರ್ಷಗಳಲ್ಲಿ ತಯಾರಾದ ಕೆಲವು ಬಾಡಿಗಳ ಶಟರ್‌ನಲ್ಲಿ ತೊಂದರೆ ಇದೆ ಎಂದು ಕಂಪನಿಯೇ ಹೇಳಿ ಉಚಿತವಾಗಿ ಬದಲಿಸಿಕೊಟ್ಟಿತ್ತು. ನಿಮಗೆ ಸಿಕ್ಕಿದ್ದು ಆ ಕಾಲದ್ದಾದರೆ ಆ ಕೆಲಸ ಆಗಿದೆಯಾ ಅಂತ ಮಾರುವವರನ್ನು ಕೇಳಿ. ಟ್ರೈಪಾಡ್ ತೂತಿನೊಳಗೆ ಕಪ್ಪು ಚುಕ್ಕೆ ಇದ್ದರೆ ಅದು ಆರಂಭದ ಫ್ಲೇರ್ ತೊಂದರೆ (ಜೋರು ಬೆಳಕಿನ ಕಿರಣ ಫೋಟೋದಲ್ಲಿ ಅಸಹಜವಾಗಿ ಬೀಳುವುದು) ಇಲ್ಲದ ಬಾಡಿ ಅಂತ ಅರ್ಥ.

ಕುತ್ತಿಗೆಗೆ ಉದ್ದ ಸ್ಟ್ರಾಪ್ ಹಾಕಬೇಡಿ, ಮೇಲಿಂದ ಬರುವವರ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಬ್ಯಾರಿಕೇಡ್ ಒಳಬದಿಯ ಮೆಟ್ಟಿಲು ಸೆಕ್ಯೂರಿಟಿಯವರದು, ಅವರು ಉಸಿರುಕಟ್ಟಿದ ಮಕ್ಕಳನ್ನು ಎತ್ತಿ ಈಚೆಗೆ ಎಳೆಯುವುದು ಅಲ್ಲಿ ನಿಂತೇ. ಒಳ್ಳೆಯ ಫೋಟೋ ಬರುತ್ತದೆ ಅಂತ ಅದನ್ನು ಹತ್ತಿ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೋದ ವರ್ಷ ಕೋರಮಂಗಲದ ಒಂದು ಶೋನಲ್ಲಿ ಒಬ್ಬ ಹುಡುಗ ಜನರ ಕೈಗಳ ಮೇಲೆ ತೇಲಿ ಬಂದ. ನಾನು ಕಣ್ಣು ತೆಗೆಯದೆ ಒತ್ತುತ್ತಲೇ ಇದ್ದೆ. ಅವನ ಶೂ ನೇರವಾಗಿ ಲೆನ್ಸ್ ಹುಡ್‌ಗೆ ಬಡಿದು ಹುಡ್ ಎರಡು ಹೋಳಾಯಿತು. ಲೆನ್ಸ್‌ಗೆ ಒಂದು ಗೀರೂ ಬೀಳಲಿಲ್ಲ. ಶೋ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದು "ಸಾರಿ ಅಣ್ಣಾ, ದುಡ್ಡು ಎಷ್ಟಾಗುತ್ತೆ ಹೇಳಿ" ಅಂದ. ಬೇಡ ಅಂದು, ಸ್ಕ್ರೀನ್‌ನಲ್ಲಿ ಅವನ ಫೋಟೋ ತೋರಿಸಿದೆ. ಬಾಯಿ ತೆರೆದು ನಗುತ್ತಾ ಗಾಳಿಯಲ್ಲಿದ್ದಾನೆ, ಕೆಳಗೆ ಹತ್ತಾರು ಕೈ. ಮಾರನೇ ದಿನ ಕಳಿಸಿದೆ. ಅವನ ಮನೆಯ ಗೋಡೆ ಮೇಲೆ ಈಗ ಅದೇ ಇದೆಯಂತೆ.