ಮೂರು ವರ್ಷ ಇಆರ್80ಎಸ್-ಡಿ2 ರಾಡ್ ಬಳಸಿದ ಮೇಲೆ: ಬೆಸುಗೆ ಚೆನ್ನ, ಗುರುತು ಕಾಣದು

1.6 ಮಿ.ಮೀ. ವೆಲ್ಡಿಂಗ್ ರಾಡಿನ ತುದಿಯಲ್ಲಿ ಒತ್ತಿರುವ ಅಕ್ಷರ, ಅಂದರೆ ಅದು ಯಾವ ರಾಡ್ ಎಂಬ ಗುರುತು, ಓದಲು ನನಗೆ ಕನ್ನಡಕದ ಜೊತೆ ಮೊಬೈಲ್ ಟಾರ್ಚೂ ಬೇಕು. ಮೂರು ವರ್ಷದಿಂದ ನನ್ನ ದೊಡ್ಡ ತಕರಾರು ಇದೇ.

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದು ಸಣ್ಣ ವರ್ಕ್‌ಶಾಪ್. ಹೆಚ್ಚಿನ ಕೆಲಸ ದಾಲ್‌ಮಿಲ್‌ಗಳದ್ದು: ಸವೆದ ಬೇರಿಂಗ್ ಸೀಟು, ಹಾಳಾದ ಕೀವೇ, ತುಂಡಾದ ಶಾಫ್ಟು. ಇಎನ್19 (ಗಟ್ಟಿ ಮಿಶ್ರಲೋಹದ ಉಕ್ಕು) ಶಾಫ್ಟ್ ಬಂದರೆ, ಸುತ್ತ ಆರ್ಗಾನ್ ಅನಿಲ ಹರಿಸಿ ಮಾಡುವ ಆರ್ಗಾನ್ ವೆಲ್ಡಿಂಗ್‌ಗೆ ಈ ಡಿ2 ರಾಡನ್ನೇ ಹಿಡಿಯುತ್ತೇನೆ. ಇದರಲ್ಲಿ ಸುಮಾರು ಅರ್ಧ ಪರ್ಸೆಂಟ್ ಮಾಲಿಬ್ಡಿನಂ ಇದೆ, ಮ್ಯಾಂಗನೀಸ್ ಜಾಸ್ತಿ. ಎಂಎಸ್‌ಗೆ, ಅಂದರೆ ಸಾಧಾರಣ ಮೆತ್ತನೆ ಉಕ್ಕಿಗೆ, ಹಾಕುವ 70ಎಸ್-6 ರಾಡಿಗಿಂತ ಬೆಲೆಯೂ ಜಾಸ್ತಿ. ಅದಕ್ಕೇ ಎಲ್ಲದಕ್ಕೂ ಇದನ್ನು ಸುಡುವುದಿಲ್ಲ.

ತೊಂದರೆ ಏನೆಂದರೆ ಎರಡಕ್ಕೂ ತಾಮ್ರದ ಲೇಪ, ಎರಡೂ ಒಂದು ಮೀಟರ್ ಉದ್ದ. ನನ್ನ ಟೇಬಲ್ ಚಿಕ್ಕದು, ಹಾಗಾಗಿ ರಾಡನ್ನು ಅರ್ಧಕ್ಕೆ ಕತ್ತರಿಸುವ ಅಭ್ಯಾಸ. ನನಗೆ ಸಿಗುವ ರಾಡಿಗೆ ಗುರುತು ಇರುವುದು ಒಂದೇ ತುದಿಗೆ. ಕತ್ತರಿಸಿದ ಮೇಲೆ ಇನ್ನೊಂದು ಅರ್ಧಕ್ಕೆ ಹೆಸರೇ ಇಲ್ಲ.

ಹೋದ ವರ್ಷ ತೊಗರಿ ಸೀಸನ್ನಿನಲ್ಲಿ, ನಾನು ಕೂಡಿಸಿಕೊಟ್ಟ ಶಾಫ್ಟ್ ಎರಡೇ ತಿಂಗಳಿಗೆ ವಾಪಸ್ ಬಂತು. "ಉಸ್ತಾದ್, ವೆಲ್ಡಿಂಗ್‌ನಾಗೇ ಮುರದದ ನೋಡ್ರಿ" ಎಂದರು ಮಿಲ್ ಮಾಲೀಕರು. ಡಿ2 ಕಟ್ಟು ಬಿಚ್ಚಿ ಒಂದೊಂದೇ ತುದಿ ನೋಡಿದೆ. ನಡುವೆ ಅಷ್ಟು ಗಟ್ಟಿ ಬೆಸುಗೆ ಕೊಡದ 70ಎಸ್-6 ತುಂಡುಗಳೂ ಸೇರಿಕೊಂಡಿದ್ದವು. ಮಿಲ್ ನಾಲ್ಕು ದಿನ ನಿಂತಿತ್ತು. ಆ ಕೆಲಸ ಪುಕ್ಕಟೆ ಮಾಡಿಕೊಟ್ಟೆ, ಆದರೂ ಅವರ ಮುಖ ಮರೆಯಲಾಗಿಲ್ಲ.

ಅಂದಿನಿಂದ ಕತ್ತರಿಸುವ ಮೊದಲೇ ಎರಡೂ ತುದಿಗೆ ಟೇಪ್ ಸುತ್ತುತ್ತೇನೆ: ಡಿ2ಗೆ ಹಳದಿ, 70ಎಸ್-6ಗೆ ಕಪ್ಪು. ಎರಡಕ್ಕೂ ಬೇರೆ ಬೇರೆ ಪಿವಿಸಿ ಪೈಪು, ಮಳೆಗಾಲದಲ್ಲಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬೆಳಿಗ್ಗೆ ಚಹಾ ಬರುವಷ್ಟರಲ್ಲಿ ಅಂದಿಗೆ ಬೇಕಾದಷ್ಟು ರಾಡ್ ತೆಗೆದು, ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಒರೆಸುತ್ತೇನೆ. ಆ ಹೊತ್ತು ನನಗೆ ಬಹಳ ಇಷ್ಟ.

ಕೆಲಸಕ್ಕೆ ಕೂತರೆ ಈ ರಾಡಿನ ಮೇಲಿನ ಸಿಟ್ಟು ಉಳಿಯುವುದಿಲ್ಲ. ಶಾಫ್ಟನ್ನು 250 ಡಿಗ್ರಿವರೆಗೆ ಕಾಯಿಸಿ ಹಚ್ಚಿದರೆ ಕರಗಿದ ಲೋಹ ಚಿಮ್ಮದೆ ಶಾಂತವಾಗಿ ಹರಡುತ್ತದೆ. ರಾಡಿನ ಬಿಸಿ ತುದಿ ಆರ್ಗಾನ್ ಗಾಳಿಯಿಂದ ಹೊರಗೆ ಬಾರದಂತೆ ನೋಡಿಕೊಳ್ಳಬೇಕು. ಬಂದು ಕಪ್ಪಾದರೆ ಅಷ್ಟು ಕತ್ತರಿಸಿ ಎಸೆಯಬೇಕು. ಮುಗಿದ ಮೇಲೆ ಶಾಫ್ಟನ್ನು ಒಣ ಸುಣ್ಣದ ಪುಡಿಯಲ್ಲಿ ಹೂತು ಮರುದಿನ ಬೆಳಿಗ್ಗೆ ತೆಗೆಯುತ್ತೇನೆ. ಸರಿಯಾದ ರಾಡ್ ಹಾಕಿದ ಒಂದು ಶಾಫ್ಟೂ ಈ ತನಕ ಬಿರುಕು ಬಿಟ್ಟಿಲ್ಲ.

ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಯಿಂದ ಒಬ್ಬರು ಬಾಯ್ಲರ್ ಸೂಪರ್‌ಹೀಟರ್ ಟ್ಯೂಬಿಗೂ (ಹಬೆಯನ್ನು ಇನ್ನಷ್ಟು ಕಾಯಿಸುವ ಕೊಳವೆ) ಇದೇ ನಡೀತದೇನ್ರಿ ಎಂದು ಕೇಳಿದ್ದರು. ನಡೆಯುವುದಿಲ್ಲ. ಡಿ2ದಲ್ಲಿ ಕ್ರೋಮಿಯಂ ಹಾಕಿರುವುದಿಲ್ಲ. ಟ್ಯೂಬಿನಲ್ಲಿ ಒಂದೂಕಾಲು ಪರ್ಸೆಂಟ್ ಕ್ರೋಮಿಯಂ ಇದ್ದರೆ ಬಿ2 ರಾಡ್, ಎರಡೂಕಾಲು ಇದ್ದರೆ ಬಿ3 ರಾಡ್. ಅದೂ ಐಬಿಆರ್ (ಭಾರತೀಯ ಬಾಯ್ಲರ್ ನಿಯಮಾವಳಿ) ಪರೀಕ್ಷೆ ಪಾಸಾದ ವೆಲ್ಡರ್ ಕೈಯಲ್ಲೇ ಆಗಬೇಕು.

ಈಗ ಸಾಧ್ಯವಾದಷ್ಟು 2.4 ಮಿ.ಮೀ. ರಾಡನ್ನೇ ತರುತ್ತೇನೆ, ಅದರ ಅಕ್ಷರ ಕಣ್ಣಿಗೆ ಕಾಣುತ್ತದೆ. 1.6 ಬೇಕೇ ಆದಾಗ ಅಂಗಡಿಯಲ್ಲೇ ಪ್ಯಾಕೆಟ್ ಬಿಚ್ಚಿಸಿ, ತುದಿ ಓದಿಯೇ ದುಡ್ಡು ಕೊಡುತ್ತೇನೆ.