‘ಫೈಬರ್’ ಎಂದು ವರ್ಷದ ದುಡ್ಡು ಕಟ್ಟುವ ಮುನ್ನ ಮನೆಗೆ ಬರುವ ವೈರ್ ನೋಡಿ

ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ ಆದದ್ದು ಇದು. ‘200 ಎಂಬಿಪಿಎಸ್ ಫೈಬರ್, ತಿಂಗಳಿಗೆ ಬರೀ 599. ವರ್ಷದ್ದು ಒಟ್ಟಿಗೆ ಕಟ್ಟಿದರೆ ರೂಟರ್ ಫ್ರೀ’ ಎಂದು ಏರಿಯಾದ ಆಪರೇಟರ್ ಕಡೆಯವರು ಹೇಳಿದರು. ಶೇ 18 ಜಿಎಸ್‌ಟಿ ಸೇರಿ 599 ಆದದ್ದು 706.82, ವರ್ಷಕ್ಕೆ ಸುಮಾರು 8,482 ರೂಪಾಯಿ. ಕಟ್ಟಿದ್ದಾಯಿತು. ಸ್ಪೀಡ್ ಮಾತ್ರ 94ರ ಮೇಲೆ ಏರಲೇ ಇಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೂ ಕರೆಂಟ್ ಹೋದ ಕೂಡಲೇ ನೆಟ್ ಹೋಗುತ್ತಿತ್ತು. ಮೇ ತಿಂಗಳ ಗುಡುಗು ಮಳೆಗೆ ರೂಟರ್ ಸುಟ್ಟುಹೋಯಿತು. ದೂರು ಕೊಟ್ಟಾಗಲೆಲ್ಲ ಸಿಕ್ಕ ಉತ್ತರ ಒಂದೇ: ‘ವೈಫೈಗೆ ಗೋಡೆ ಅಡ್ಡ ಬರ್ತಿದೆ ಸರ್.’

ಗೋಡೆಗೂ ಇದಕ್ಕೂ ಸಂಬಂಧವಿರಲಿಲ್ಲ. ಫೈಬರ್, ಅಂದರೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ, ಆ ಮನೆಗೆ ಬಂದೇ ಇರಲಿಲ್ಲ. ಪಕ್ಕದ ಕಟ್ಟಡದ ತಾರಸಿಯ ತಗಡಿನ ಡಬ್ಬಿಯಲ್ಲಿ ಅದು ಮುಗಿದು, ಅಲ್ಲಿನ ಸ್ವಿಚ್‌ನಿಂದ (ಒಂದು ನೆಟ್ ಸಂಪರ್ಕವನ್ನು ಹಲವು ಕೇಬಲ್‌ಗಳಿಗೆ ಹಂಚುವ ಪೆಟ್ಟಿಗೆ) ಮನೆಮನೆಗೆ ಲ್ಯಾನ್ ಕೇಬಲ್ ಎಳೆದಿದ್ದರು. ಡಬ್ಬಿಗೆ ಯುಪಿಎಸ್ ಇಲ್ಲದ ಮೇಲೆ ನಿಮ್ಮ ಮನೆಯದು ಎಷ್ಟು ದೊಡ್ಡದಿದ್ದರೇನು, ಕರೆಂಟ್ ಹೋದರೆ ಸ್ವಿಚ್ ಸಾಯುತ್ತದೆ.

94 ಎಂಬ ಅಂಕಿಯನ್ನು ನೆನಪಿಡಿ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ (ಕೇಬಲ್ ಚುಚ್ಚುವ ಕಿಂಡಿ) ಹೆಡರ್‌ಗಳ, ಅಂದರೆ ಡೇಟಾದ ಜೊತೆ ಹೋಗುವ ವಿಳಾಸದಂಥ ಮಾಹಿತಿಯ ಪಾಲು ಕಳೆದು ಬಳಕೆಗೆ ಉಳಿಯುವುದೇ 94-95. ಲ್ಯಾನ್ ಕೇಬಲ್‌ನಲ್ಲಿ ಎಂಟು ತಂತಿ ಇರುತ್ತವೆ. 100ಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಆ ಮನೆಯ ಕೇಬಲ್‌ನ ಪಾರದರ್ಶಕ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ 1, 2, 3 ಮತ್ತು 6ನೇ ಪಿನ್‌ಗಳಲ್ಲಿ ಮಾತ್ರ ಕಿತ್ತಳೆ, ಹಸಿರು ಜೋಡಿಗಳು; ಉಳಿದ ನಾಲ್ಕು ಪಿನ್ ಖಾಲಿ. ನೀಲಿ, ಕಂದು ಜೋಡಿಗಳನ್ನು ಪಕ್ಕದ ಮನೆಗೆ ತಿರುಗಿಸಿದ್ದರು. ಅಂದರೆ ಒಂದು ಕೇಬಲ್, ಎರಡು ಗಿರಾಕಿ. ಇಂಥ ವೈರಿಂಗ್ ಮೇಲೆ 200ರ ಪ್ಲಾನ್ ಮಾರುವುದು ಮೋಸವೇ.

ರೂಟರ್ ಸುಟ್ಟದ್ದಕ್ಕೂ ಈ ತಂತಿಯೇ ದಾರಿ. ತಾರಸಿಯಿಂದ ತಾರಸಿಗೆ ಹಾಯ್ದ ಲೋಹದ ತಂತಿಯಲ್ಲಿ ಹತ್ತಿರದ ಸಿಡಿಲಿಗೆ ವೋಲ್ಟೇಜ್ ಹುಟ್ಟಿ ನೇರ ರೂಟರ್‌ನ ವ್ಯಾನ್ (WAN) ಪೋರ್ಟ್‌ಗೆ, ಅಂದರೆ ಹೊರಗಿನ ವೈರ್ ಕೂರುವ ಕಿಂಡಿಗೆ ನುಗ್ಗುತ್ತದೆ. ಫೈಬರ್‌ನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ಹೊರಗಿನಿಂದ ಬಂದ ವೈರ್‌ನ ತುದಿ ನೋಡಿ. ನಿಜವಾದ ಫೈಬರ್ ಆದರೆ ತೆಳು ವೈರ್‌ನ ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಕನೆಕ್ಟರ್ ಇರುತ್ತದೆ. ಅದು ಕೂರುವ ಪೆಟ್ಟಿಗೆಯೇ ಒಎನ್‌ಟಿ; ಫೈಬರ್‌ನ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಇದೇ. ಅದರಲ್ಲಿ ಪಾನ್ (PON), ಎಲ್‌ಒಎಸ್ (LOS) ಎಂಬ ದೀಪಗಳಿರುತ್ತವೆ. ಹೊರಗಿನ ವೈರ್ ಎಂಟು ಪಿನ್ನಿನ ಪ್ಲಗ್‌ನಲ್ಲಿ ಮುಗಿದಿದ್ದರೆ ಅದು ಮನೆಗೆ ಬಂದ ಫೈಬರ್ ಅಲ್ಲ. ಒಎನ್‌ಟಿಯಿಂದ ಬೇರೆ ರೂಟರ್‌ಗೆ ಹೋಗುವ ಗಿಡ್ಡ ಲ್ಯಾನ್ ಕೇಬಲ್ ಕಂಡು ಗಾಬರಿಯಾಗಬೇಡಿ, ಅದು ಸಹಜ. ಲ್ಯಾಪ್‌ಟಾಪನ್ನು ವೈಫೈ ಬಿಟ್ಟು ಕೇಬಲ್‌ನಲ್ಲಿ ಜೋಡಿಸಿ, ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 100/100 ಎಂದಿದ್ದರೆ ರೂಟರ್‌ನ ಪೋರ್ಟೋ ಆ ಕೇಬಲ್ಲೋ ಅಲ್ಲೇ ತಡೆದಿದೆ. 1000 ಎಂದಿದ್ದೂ ಟೆಸ್ಟ್‌ನಲ್ಲಿ 94 ಬಂದರೆ ವ್ಯಾನ್ ಕಡೆಯ ವೈರ್ ಪರೀಕ್ಷಿಸಿ. ಸ್ಪೀಡ್ ಟೆಸ್ಟ್ ಮಾಡುವಾಗ ಆಪರೇಟರ್‌ನ ಸ್ವಂತ ಸರ್ವರ್ ಬಿಟ್ಟು ಬೇರೆಯದನ್ನು ಆರಿಸಿ.

ಕಟ್ಟಡದವರೆಗೆ ಫೈಬರ್, ಅಲ್ಲಿಂದ ತಾಮ್ರ ಎಂಬ ವ್ಯವಸ್ಥೆಯೇ ಕೆಟ್ಟದ್ದೆಂದಲ್ಲ. ಶುದ್ಧ ತಾಮ್ರದ ಕ್ಯಾಟ್ 6 ಕೇಬಲ್, ಎಂಟೂ ತಂತಿ, 100 ಮೀಟರ್ ಒಳಗಿನ ದೂರ, ಗಿಗಾಬಿಟ್ ಸ್ವಿಚ್, ಅದಕ್ಕೊಂದು ಯುಪಿಎಸ್ ಇದ್ದರೆ ಚೆನ್ನಾಗಿಯೇ ನಡೆಯುತ್ತದೆ. ಅಗ್ಗಕ್ಕೆ ಸಿಗುವ ಸಿಸಿಎ ಕೇಬಲ್ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ. ಬಿಸಿಲು, ಮಳೆಗೆ ಬಾಳಿಕೆ ಬರುವುದಿಲ್ಲ.

ನಿಜವಾದ ಫೈಬರ್ ಇದ್ದೂ ನೆಟ್ ಪದೇಪದೇ ಕಟ್ ಆದರೆ ಬ್ರೌಸರ್‌ನಲ್ಲಿ ತೆರೆಯುವ ಒಎನ್‌ಟಿಯ ಸೆಟ್ಟಿಂಗ್ಸ್ ಪೇಜ್‌ನಲ್ಲಿ ಆರ್‌ಎಕ್ಸ್ ಪವರ್ (Rx power), ಅಂದರೆ ಮನೆಗೆ ತಲುಪುವ ಬೆಳಕಿನ ಬಲ, ನೋಡಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ನಿಶ್ಚಿಂತೆ. ಮೈನಸ್ 27 ದಾಟಿ ಇಳಿದಿದ್ದರೆ ಎಲ್ಲೋ ವೈರ್ ಮಡಚಿದೆ, ಕನೆಕ್ಟರ್ ಕೊಳೆಯಾಗಿದೆ ಅಥವಾ ಜಾಯಿಂಟ್ ಸರಿಯಿಲ್ಲ. ಆ ಅಂಕಿಯನ್ನೇ ಹೇಳಿ ದೂರು ಕೊಡಿ, ಆಗ ವೈಫೈ ಕಥೆ ಹೇಳಲಾಗುವುದಿಲ್ಲ.

‘ಏರ್ ಫೈಬರ್’ ಎಂದು ಮಾರುವುದು ಸಾಮಾನ್ಯವಾಗಿ 5ಜಿ ವೈರ್‌ಲೆಸ್. ಕೇಬಲ್ ಬಾರದ ಕಡೆ ಅನುಕೂಲ. ಟವರ್ ಮೇಲೆ ಸಂಜೆಯ ಹೊತ್ತು ಬಳಕೆ ಏರಿದರೆ ಸ್ಪೀಡೂ ಪಿಂಗೂ (ಉತ್ತರ ಬರಲು ಹಿಡಿಯುವ ಸಮಯ) ಏರುಪೇರಾಗುತ್ತವೆ.

ಸಿಸಿಟಿವಿಯನ್ನು ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ (ಹೊರಗಿನ ಸಂಪರ್ಕವನ್ನು ಮನೆಯ ಕ್ಯಾಮೆರಾಗೆ ದಾಟಿಸುವ ರೂಟರ್ ಸೆಟ್ಟಿಂಗ್) ಹೊರಗಿನಿಂದ ನೋಡುವವರು ಇನ್ನೊಂದು ವಿಷಯ ಗಮನಿಸಬೇಕು. ರೂಟರ್‌ನ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಅಥವಾ 10ರಿಂದ ಶುರುವಾಗಿದ್ದರೆ ನಿಮಗೆ ಪಬ್ಲಿಕ್ ಐಪಿ, ಅಂದರೆ ಇಂಟರ್‌ನೆಟ್‌ನಿಂದ ನೇರ ತಲುಪಬಹುದಾದ ವಿಳಾಸ ಸಿಕ್ಕಿಲ್ಲ, ಫಾರ್ವರ್ಡಿಂಗ್ ನಡೆಯುವುದಿಲ್ಲ. ‘ಅನ್‌ಲಿಮಿಟೆಡ್’ ಎಂಬುದಕ್ಕೂ ಹಲವು ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತದೆ.

ಹಾಗಾಗಿ ದುಡ್ಡು ಕೊಡುವ ಮುನ್ನ ವಾಟ್ಸಾಪ್‌ನಲ್ಲಿ ಬರೆದು ಕೇಳಿ: ಒಎನ್‌ಟಿ ನಮ್ಮ ಮನೆಯೊಳಗೇ ಬರುತ್ತದೆಯೇ? ರೂಟರ್ ಪೋರ್ಟ್ ಗಿಗಾಬಿಟ್ಟೇ? ಜಿಎಸ್‌ಟಿ ಸೇರಿ ಎಷ್ಟು? ನಡುವೆ ಬಿಟ್ಟರೆ ಉಳಿದ ತಿಂಗಳ ಹಣ ವಾಪಸ್ಸೇ? ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಮೊದಲು ಒಂದು ತಿಂಗಳದ್ದಷ್ಟೇ ಕಟ್ಟಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಪ್ಲಗ್‌ನ ಫೋಟೊ, ಲಿಂಕ್ ಸ್ಪೀಡ್‌ನ ಸ್ಕ್ರೀನ್‌ಶಾಟ್, ಬಿಲ್ ಜೋಡಿಸಿ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯಿರಿ. ಅಲ್ಲಿ ಬಗೆಹರಿಯದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿ ಕಾಯುತ್ತ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕ ಆಯೋಗಕ್ಕೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.